ಯರಿ ಹೊಲದ ಹತ್ತಿ, ಹಾಯಿದೋಣಿಯ ಗಾದಿ

ಮೂವತ್ತು ವರ್ಷಗಳಿಂದ ನಾನು ಮಂದಿಗೆ ಕೂಡಲು ಸೀಟು ಹೊಲಿದುಕೊಡುತ್ತ ಬಂದಿದ್ದೇನೆ. ಟ್ರ್ಯಾಕ್ಟರು, ಟಂಟಂ, ಜೀಪು, ಬೈಕು, ಕಟಿಂಗ್ ಅಂಗಡಿಯ ಕುರ್ಚಿ, ಯಾವುದನ್ನೂ ಬಿಟ್ಟಿಲ್ಲ. ಆದರೆ ನಾನು ಮಾತ್ರ ಯಾವ ಸೀಟಿನ ಮೇಲೂ ಹದಿನೈದು ನಿಮಿಷ ನೆಟ್ಟಗೆ ಕುಳಿತವನಲ್ಲ. ಅಳ್ನಾವರದ ಸ್ಟೇಶನ್ ರಸ್ತೆಯ ನನ್ನ ಅಂಗಡಿಯಲ್ಲಿ ಹೊಲಿಗೆ ಮಶಿನ್ ಮುಂದೆ ಒಂದು ಸ್ಟೂಲಿದೆ. ಅದರ ಮೇಲೂ ಅರ್ಧ ಕುಂಡಿ ಊರಿ, ಒಂದು ಕಾಲು ಬಾಗಿಲ ಕಡೆಗೆ ಚಾಚಿಯೇ ಹೊಲಿಯುತ್ತೇನೆ. ಗೋವೆಯ ಕಡೆಯ ರೈಲು ಕೂಗಿದರೆ ಎದ್ದು ಹೊರಗೆ ಬರುತ್ತೇನೆ. ಆ ರೈಲಿನಲ್ಲಿ ನನಗೆ ಬರುವವರೂ ಇಲ್ಲ, ಹೋಗುವವರೂ ಇಲ್ಲ.

ಅವ್ವ ಇದ್ದಾಗ “ಕುಂಡಿಗೆ ಮುಳ್ಳು ನಟ್ಟೈತೇನ್ಲೇ ನಿನಗ?” ಎಂದು ಬೈಯುತ್ತಿದ್ದಳು. ಹೆಂಡತಿ ಅಷ್ಟು ಒರಟಾಗಿ ಹೇಳುವುದಿಲ್ಲ. ತಾಟು ಕೈಯಲ್ಲಿ ಹಿಡಿದು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ತಿರುಗಾಡುತ್ತ ಉಣ್ಣುವ ನನ್ನನ್ನು ನೋಡಿ, “ರೊಟ್ಟಿ ಎಲ್ಲೂ ಓಡಿಹೋಗೂದಿಲ್ರಿ, ಕುಂತು ಉಣ್ರಿ” ಎನ್ನುತ್ತಾಳೆ. ಕುಳಿತರೆ ಏನೋ ತಪ್ಪಿಹೋಗುತ್ತದೆ ಎಂಬ ಹುಳ ನನ್ನ ತಲೆಯಲ್ಲಿ ಚಿಕ್ಕಂದಿನಿಂದ ಇದೆ. ಏನು ತಪ್ಪಿಹೋಗುತ್ತದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ಇನ್ನೊಂದು ದುರ್ಗುಣವೂ ಇದೆ, ಮುಚ್ಚಿಡುವುದೇಕೆ? ನಾನು ಹೊಲಿದ ಸೀಟಿಗೆ ಯಾರಾದರೂ ಹೆಸರಿಟ್ಟರೆ, ಅಂದರೆ ಕೊಂಕು ತೆಗೆದರೆ, ನನ್ನ ತಲೆ ಕೆಟ್ಟುಹೋಗುತ್ತದೆ. ಒಬ್ಬ ಟ್ರ್ಯಾಕ್ಟರಿನವನು “ಹೊಸಾ ಸೀಟು ಹಾಕಿಸಿದಾಗಿಂದ ಬೆನ್ನು ನೋಯಾಕತ್ತೈತ್ರಿ” ಎಂದು ಬಂದಿದ್ದ. “ರಿಪೇರಿ ಬೇಕಾಗಿದ್ದು ಸೀಟಿಗಲ್ಲ, ನಿನ್ನ ಬೆನ್ನಿಗೆ. ದವಾಖಾನಿಗೆ ನಡಿ” ಎಂದು ಅಟ್ಟಿಬಿಟ್ಟೆ. ಅವನು ಮತ್ತೆ ಬರಲಿಲ್ಲ. ಬಾರದಿದ್ದರೆ ಬಿಡು, ನನ್ನ ಸೀಟಿಗೆ ಹೆಸರಿಡುವವನು ನನ್ನ ಅಂಗಡಿಯ ಕಟ್ಟೆ ಹತ್ತುವುದೇ ಬೇಡ ಎಂದುಕೊಂಡಿದ್ದೆ.

ಸಂಕ್ರಾಂತಿಯ ಮರುದಿನ ಕಾರವಾರದಿಂದ ಅಕ್ಕನ ಫೋನು ಬಂತು.

“ತಮ್ಮಾ, ನಿಮ್ಮ ಮಾಮಾ ದೋಣಿ ಮಾರಿಬಿಡ್ತೀನಿ ಅನ್ನಾಕತ್ತಾರ. ಒಳಗ ನನಗ ಕುಂಡ್ರಾಕ ಆಗವಲ್ದು. ನೀ ಒಮ್ಮೆ ಬಂದು ನೋಡು.”

ಮಾಮಾ ಅಂದರೆ ಅಕ್ಕನ ಗಂಡ. ನಮ್ಮಂತೆಯೇ ಕುಂದಗೋಳ ತಾಲೂಕಿನವರು, ಊರ ಕೆರೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತ ಮನುಷ್ಯ. ಎಮ್ಮೆಯ ಬಾಲ ಬಿಟ್ಟವರು ಗೋವೆಗೆ ಹೋಗಿ ಒಂದು ದೋಣಿ ರಿಪೇರಿ ಯಾರ್ಡ್ ಸೇರಿ ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡರು. ಅಕ್ಕ ಕಾರವಾರದ ಕಡೆ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದಳು. ಇಬ್ಬರೂ ರಿಟೈರಾದ ಮೇಲೆ ಮಾಮಾ ಯಾರೋ ಬಿಟ್ಟುಹೋದ ಒಂದು ಹಳೇ ಹಾಯಿದೋಣಿ ತಂದು, ಎರಡು ವರ್ಷ ತಿಕ್ಕಿ, ಮೆತ್ತಿ, ಬಣ್ಣ ಬಳಿದು ನೀರಿಗೆ ಇಳಿಸಿದರು. ಇಪ್ಪತ್ತೆರಡು ಅಡಿ ಉದ್ದ. ನಡುವೆ ಒಂದು ಪುಟ್ಟ ಕ್ಯಾಬಿನ್ನು, ಎತ್ತಿನ ಚಕ್ಕಡಿಗೆ ಕಮಾನು ಕಟ್ಟಿದರೆ ಒಳಗೆ ಎಷ್ಟು ಜಾಗವಾಗುತ್ತದೋ ಅಷ್ಟು.

ದೋಣಿ ನೀರಿಗೆ ಇಳಿದ ವರ್ಷವೇ ಅಕ್ಕನ ಸೊಂಟದ ಆಪರೇಶನ್ ಆಯಿತು. ನಿಲ್ಲುತ್ತಾಳೆ, ನಡೆಯುತ್ತಾಳೆ, ಕೂಡುವುದೊಂದೇ ಕಷ್ಟ. ಮಾಮಾ ಆಕೆಯನ್ನು ಎರಡು ಸಲ ಕರೆದುಕೊಂಡು ಹೋಗಿದ್ದರು. ಕ್ಯಾಬಿನ್ನಿನ ಹೊರಗೆ ಕೂಡುವಂತಿಲ್ಲ. ಹಾಯಿಯ ಅಡ್ಡಕೋಲು ಆಚೆಯಿಂದ ಈಚೆಗೆ ಹೊರಳಿದಾಗಲೆಲ್ಲ ಗಕ್ಕನೆ ಬಗ್ಗಬೇಕು, ಆಕೆಯ ಸೊಂಟಕ್ಕೆ ಅದು ಆಗದು. ಕ್ಯಾಬಿನ್ನಿನ ಒಳಗೆ ಕುಳಿತು ಕಿಟಕಿಯಿಂದ ನೋಡಬೇಕು. ಒಳಗಿನ ಹಲಗೆಯ ಮೇಲಿದ್ದದ್ದು ಎರಡು ಇಂಚಿನ ಸತ್ತ ಫೋಮು. ಅರ್ಧ ತಾಸಿಗೆ ಅಕ್ಕ ಕಣ್ಣಲ್ಲಿ ನೀರು ತಂದುಕೊಂಡು ದೋಣಿಯ ನೆಲದ ಮೇಲೆ ಮಲಗಿಬಿಟ್ಟಳಂತೆ. ಎರಡೂ ಸಲ ಅರ್ಧ ದಾರಿಯಿಂದ ತಿರುಗಿ ಬಂದಿದ್ದರು. “ಆಕಿ ಬರದ ದೋಣಿ ನನಗ ಯಾಕ? ಯುಗಾದಿ ತನಕ ನೋಡ್ತೀನಿ, ಆಮ್ಯಾಲೆ ಕೊಟ್ಟುಬಿಡ್ತೀನಿ” ಎಂದು ಮಾಮಾ ಹೇಳಿದ್ದರು.

“ಬ್ಯಾಡಾದ್ರ ಬಿಡ ಬೇ ಅಕ್ಕಾ, ದಂಡಿ ಮ್ಯಾಲೆ ನಿಂತು ನೋಡು. ಅದ ಸಮುದ್ರ ಅಲ್ಲೇನು?” ಎಂದೆ ನಾನು.

“ಲೇ, ಮೂವತ್ತ್ಮೂರು ವರ್ಷ ಹುಡುಗರಿಗೆ ಕಲಿಸೇನಿ, ಸುತ್ತಲೂ ನೀರಿನಿಂದ ಆವರಿಸಿದ ಭೂಭಾಗಕ್ಕೆ ದ್ವೀಪ ಎನ್ನುವರು ಅಂತ. ಎದುರಿಗೆ ದೀಪದ ಕಂಬ ಇರೂ ನಡುಗಡ್ಡಿ ಕಾಣತೈತಿ. ಅದರ ಈ ಕಡೆ ನೀರೈತಿ, ಖರೆ. ಆ ಕಡೆ ಐತೋ ಇಲ್ಲೋ ನಾ ಏನು ನೋಡೇನೇನು? ಒಮ್ಮೆ ಸುತ್ತು ಹಾಕಬೇಕು. ಒಂದ ಸಲ ಸಾಕು.”

ನಗು ಬಂತು. ಆದರೆ ಆಕೆ ನಗಲಿಲ್ಲ. ಹೋಗಿ ಸುತ್ತು ಹಾಕಿ ಬರಲು ಎರಡೂವರೆ ತಾಸು ಬೇಕಂತೆ. ಎರಡೂವರೆ ತಾಸು ಅಕ್ಕ ಕೂಡುವಂತಾಗಬೇಕು, ಇಲ್ಲದಿದ್ದರೆ ದೋಣಿಯೂ ಹೋಯಿತು, ದ್ವೀಪವೂ ಹೋಯಿತು. ಇಷ್ಟೇ ಲೆಕ್ಕ. ತಮ್ಮ ಸೀಟು ಹೊಲಿಯುವವನಾಗಿದ್ದು ಆಕೆ ಇಷ್ಟಕ್ಕೆ ಅಳಬೇಕೇ? ಮರುದಿನವೇ ಅಂಗಡಿಯ ಬಾಗಿಲೆಳೆದು ಹಳಿಯಾಳದ ಮೇಲೆ ಕಾರವಾರದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಕಂಡಕ್ಟರನ ಬಾಜು ನಿಂತೇ ಹೋದೆ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನನಗೆ ಆರು ವರ್ಷವಿದ್ದಾಗ ಚಲಿಸುವ ಚಕ್ಕಡಿಯಿಂದ ಜಿಗಿದು ಕಾಲು ಮುರಿದುಕೊಂಡಿದ್ದೆ. ನಲವತ್ತು ದಿನ ಪ್ಲಾಸ್ಟರು. ಅಪ್ಪ ಅವ್ವ ಹೊಲಕ್ಕೆ ಹೋಗಬೇಕು, ಹುಡುಗ ಹಾಸಿಗೆಯಲ್ಲಿ ಸುಮ್ಮನೆ ಬಿದ್ದಿರುವ ಪೈಕಿ ಅಲ್ಲ. ಅಕ್ಕ ಶಾಲೆ ಬಿಟ್ಟು ನನ್ನ ತಲೆದೆಸೆಗೆ ಕುಳಿತಳು. ನಾನು ಚೀರಿದೆ, ಕಚ್ಚಿದೆ, ನೀರಿನ ತಂಬಿಗೆ ಒಗೆದೆ. ಆಕೆ ಏಳಲಿಲ್ಲ. ನಲವತ್ತು ದಿನ ಕುಳಿತೇ ಇದ್ದಳು. ಕಾರವಾರದ ಘಟ್ಟ ಇಳಿಯುವಾಗ ಅದೇ ನೆನಪಾಯಿತು.

ದೋಣಿಯ ಕ್ಯಾಬಿನ್ನಿಗೆ ಇಳಿದಾಗ ನನಗೆ ತಿಳಿದ ಮೊದಲ ಸಂಗತಿ: ಅಲ್ಲಿ ನಿಲ್ಲಲು ಬರುವುದಿಲ್ಲ. ನನ್ನಂಥವನಿಗೆ ಅದಕ್ಕಿಂತ ಕೆಟ್ಟ ಜಾಗ ಬೇರೆ ಇದೆಯೇ? ಮೊಣಕಾಲ ಮೇಲೆ ತೆವಳುತ್ತ, ಒಂದು ಬದಿಯ ಹಲಗೆಯ ಮೇಲೆ ಪೇಪರು ಹಾಸಿ ಅಂಚು ಗುರುತು ಮಾಡಿಕೊಂಡೆ. ಬಾಗಿಲ ಹತ್ತಿರ ಅಗಲ, ದೋಣಿಯ ಮೂತಿಯ ಕಡೆಗೆ ಹೋದಂತೆ ಸಣ್ಣ. ಹತ್ತು ನಿಮಿಷದಲ್ಲಿ ಹೊರಗೆ ಬಂದೆ.

“ಒಂದ್ ಗಳಿಗಿ ಕುಂತು ನೋಡೋ, ಮಾರಾಯಾ” ಎಂದರು ಮಾಮಾ.

“ಅಳತಿ ಆತಲ್ರಿ, ಕುಂತು ಏನ್ ಮಾಡ್ಲಿ?”

“ನಮ್ಮ ಯಾರ್ಡಿನಾಗ ನೀರು ಕುಡೀದಂಥಾ ಬಿರಸು ಫೋಮ್ ಹಾಕ್ತಾರ. ನನ್ನ ಶೆಡ್ಡಿನಾಗ ಎರಡು ಶೀಟು ಅದಾವ, ತೊಗೊಂಡು ಹೋಗು.”

ನನಗೆ ಸಿಟ್ಟು ಬಂತು. “ಫೋಮ್ ಅಗದಿ ಉಷ್ಣ ರೀ ಮಾಮಾ. ಆಪರೇಶನ್ ಆದ ಮೈಗೆ ಫೋಮ್ ಹಾಕಿ ಕುಂಡ್ರಸ್ತೀರೇನು? ಗಾದಿ ಅಂದ್ರ ಹತ್ತೀದು. ಅದನ್ನ ನನಗ ಬಿಡ್ರಿ.”

ಮಾಮಾ ಏನೋ ಹೇಳಲು ಬಾಯಿ ತೆರೆದರು. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ. ಬಸ್ಸಿಗೆ ಹೊತ್ತಾಗಿತ್ತು.

ಹತ್ತಿ ಎಂದದ್ದು ಬರೀ ಸಿಟ್ಟಿಗಲ್ಲ. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳಿಗೆ ತವರಿನಿಂದ ಗಾದಿ ಹೋಗಬೇಕು, ಅದೂ ಸ್ವಂತ ಹೊಲದ ಹತ್ತಿಯದು. ನಾಲ್ಕಾರು ವರ್ಷಕ್ಕೊಮ್ಮೆ ಆ ಗಾದಿ ತವರಿಗೆ ತಿರುಗಿ ಬರುತ್ತದೆ. ಅದನ್ನು ಬಿಚ್ಚಿ, ಹಿಂಜಿಸಿ, ಹೊಸ ಹತ್ತಿ ಕೂಡಿಸಿ, ಹತ್ತಿ ಸರಿಯದಂತೆ ದಪ್ಪ ದಾರದ ಟಾಕಿ ಹಾಕಿ ಕಳಿಸಬೇಕು. ಅಪ್ಪ ಇರುವ ತನಕ ತಪ್ಪದೆ ಮಾಡಿದ. ಅಪ್ಪನ ನಂತರ ಅದು ನನ್ನ ಪಾಲಿನ ಕೆಲಸ. ಒಮ್ಮೆಯೂ ಮಾಡಲಿಲ್ಲ. ಪ್ರತಿ ವರ್ಷ ಮುಂದಿನ ವರ್ಷ ಎಂದೆ. ಅಕ್ಕ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಜಗಳಾಡಿ ಮರೆಯುತ್ತಿದ್ದೆ. ಕೇಳದ್ದಕ್ಕೇ ಅದು ಒಳಗೆ ಕೊರೆಯುತ್ತಿತ್ತು.

ನಮ್ಮೂರು ಯರಗುಪ್ಪಿಯ ಮೂರು ಎಕರೆ ಯರಿ ಹೊಲವನ್ನು, ಕಪ್ಪು ಮಣ್ಣಿನ ಹತ್ತಿ ನೆಲವನ್ನು, ಕಾಕಾನ ಮಗ ಪಾಲಿನಿಂದ ಮಾಡುತ್ತಾನೆ. ಹೋದಾಗ ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗೆ ನಿಂತಿತ್ತು. ಆಳುಗಳ ಜೊತೆ ನಾನೂ ಉಡಿ ಕಟ್ಟಿ ಬಿಡಿಸಲು ನಿಂತೆ. ಆಹಾ, ಆ ಎರಡು ದಿನ! ಬಿಡಿಸುವ ಕೆಲಸದಲ್ಲಿ ಯಾರೂ ಕೂಡು ಎನ್ನುವುದಿಲ್ಲ. ಒಂದು ಸಾಲು ಮುಗಿದರೆ ಇನ್ನೊಂದು ಸಾಲು, ಹಿಡಿದ ದಾರಿ ನೆಟ್ಟಗೆ ಬಾನಿನ ತನಕ. ಕಾಕಾನ ಮಗ “ಇಷ್ಟು ದಿನ ಹೊಲದ ಕಡೆ ಹಾಯದಾಂವ ಈಗ್ಯಾಕ ಬಂದೀಪಾ?” ಎಂದು ಕಾಡಿದ. “ಅಕ್ಕನ ಗಾದಿಗೆ” ಎಂದಾಗ ತಾನೂ ನಾಲ್ಕು ಹಿಡಿ ಹತ್ತಿ ತಂದು ನನ್ನ ಚೀಲಕ್ಕೆ ತುರುಕಿದ.

ಕಾಳು ಬಿಡಿಸಿ, ಹಿಂಜಿಸಿ, ಅಳ್ನಾವರಕ್ಕೆ ತಂದು ಪಟ್ಟೆ ಪಟ್ಟೆಯ ಗಾದಿ ಬಟ್ಟೆಯಲ್ಲಿ ಬಿಗಿಯಾಗಿ ತುಂಬಿದೆ. ಮಶಿನ್ ಬಿಟ್ಟು ದಬ್ಬಣದಿಂದ ಕೈಯಲ್ಲೇ ಟಾಕಿ ಹಾಕಿದೆ, ಒಂದೊಂದು ಗೇಣಿಗೊಂದು. ಹೆಂಡತಿ ನೋಡಿ, “ನಮ್ಮ ಮನಿ ಗಾದಿ ಹರಿದು ಮೂರು ವರ್ಷಾತು, ಅದಕ್ಕೂ ಒಂದು ದಬ್ಬಣ ತೋರಿಸ್ರಿ” ಎಂದಳು. ಫೋನಿನಲ್ಲಿ ಅಕ್ಕನಿಗೆ ಹೇಳಿದೆ. “ನಮ್ಮ ಹೊಲದ ಹತ್ತೀನಾ?” ಎಂದಳು. ಯಾವ ಸಾಲಿನದು, ಯಾರು ಬಿಡಿಸಿದರು ಎಂದು ಎರಡೆರಡು ಸಲ ಕೇಳಿದಳು.

ಶಿವರಾತ್ರಿಗೆ ಮುಂಚೆ ಎರಡೂ ಗಾದಿ ಹೊತ್ತು ಕಾರವಾರಕ್ಕೆ ಹೋದೆ. ಎಡಗಡೆಯದು ಹೇಳಿ ಮಾಡಿಸಿದಂತೆ ಕೂತಿತು. ಬಲಗಡೆಯದು ಕೂಡಲೇ ಇಲ್ಲ, ಉಲ್ಟಾ! ಒಂದೇ ಬದಿಯ ಪೇಪರಿನಿಂದ ಎರಡನ್ನೂ ಕತ್ತರಿಸಿದ್ದೆ. ಟ್ರ್ಯಾಕ್ಟರ್ ಸೀಟಿಗೆ ಎಲ್ಲಿಯ ಎಡ, ಎಲ್ಲಿಯ ಬಲ? ಮಾಮಾ ಮೀಸೆಯೊಳಗೆ ನಕ್ಕರು. “ನಗಬ್ಯಾಡ್ರಿ, ಹತ್ತಿ ಗಾದಿಗೆ ಮ್ಯಾಗ ಕೆಳಗ ಅನ್ನೂದಿಲ್ಲ” ಎಂದು ಅದನ್ನು ಮಗುಚಿ ಹಾಕಿದೆ. ಅದೂ ಕೂತಿತು.

ಅಕ್ಕ ಕ್ಯಾಬಿನ್ನಿನ ಬಾಗಿಲಂಚು ಹಿಡಿದು ಇಳಿದು ಬಂದು ಮೆಲ್ಲಗೆ ಕುಳಿತಳು. ಎರಡೂ ಕೈಯಿಂದ ಗಾದಿಯನ್ನು ಸವರಿದಳು, ಮೂಸಿ ನೋಡಿದಳು. ದೋಣಿ ದಂಡೆಗೆ ಕಟ್ಟಿತ್ತು. ಐದು ನಿಮಿಷ, ಹತ್ತು ನಿಮಿಷ. “ಅಗದಿ ಚಲೋ ಐತಿ ತಮ್ಮಾ” ಎಂದಳು.

“ಹಂಗಾರ ಈಗ ಹೋಗೂಣು, ನೀನೂ ಬಾ” ಎಂದರು ಮಾಮಾ.

“ಇಲ್ರಿ, ಅಂಗಡಿ ಐತಿ, ಬಸ್ಸಿನ ಹೊತ್ತಾತು” ಎಂದು ಓಡಿದೆ. ಎರಡೂವರೆ ತಾಸು ಆ ಡಬ್ಬಿಯೊಳಗೆ ಮೊಣಕಾಲು ಮಡಚಿ ಕೂಡುವುದೆಂದರೆ ನನ್ನ ಪ್ರಾಣವೇ ಹೋಗುತ್ತಿತ್ತು, ಅದು ನಿಜವಾದ ಕಾರಣ.

ಆಮೇಲೆ ಒಂದು ತಿಂಗಳು ನನ್ನ ಜಂಬವೇ ಜಂಬ. ಬಂದ ಗಿರಾಕಿಗೆಲ್ಲ ಸಮುದ್ರಕ್ಕೂ ಸೀಟು ಹೊಲಿದೇನಿ ಎಂದೆ. ವಾರಕ್ಕೊಮ್ಮೆ ಅಕ್ಕನಿಗೆ ಫೋನು. “ಗಾದಿ ಹೆಂಗೈತಿ?” “ಭಾಳ ಆರಾಮೈತಿ.” “ದ್ವೀಪ ಸುತ್ತಿದ್ಯಾ?” “ಇನ್ನಾ ಇಲ್ಲ, ಗಾಳಿ ಕೂಡಿ ಬರವಲ್ದು.” ಮುಂದಿನ ವಾರ ಮಾಮಾಗೆ ಯಾವುದೋ ಕೆಲಸ. ಅದರ ಮುಂದಿನ ವಾರ ಮನೆಗೆ ಮಂದಿ. ಫೋನು ಇಟ್ಟ ಮೇಲೆ ಅಂಗಡಿಯಿಂದ ಸ್ಟೇಶನ್ನಿಗೆ, ಸ್ಟೇಶನ್ನಿನಿಂದ ಅಂಗಡಿಗೆ ಎರಡೆರಡು ಸುತ್ತು ಹಾಕುತ್ತಿದ್ದೆ. ಆರಾಮಿದ್ದ ಮೇಲೆ ಹೋಗಲು ಏನು ಧಾಡಿ? ಉತ್ತರ ಹೊಳೆಯುತ್ತಿರಲಿಲ್ಲ, ಅಥವಾ ಹೊಳೆಯುವ ತನಕ ನಾನು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಯುಗಾದಿಗೆ ಹತ್ತು ದಿನವಿದ್ದಾಗ ಮಾಮಾನೇ ಫೋನು ಮಾಡಿದರು, ದನಿ ಸಣ್ಣದು ಮಾಡಿ. “ಆಕಿ ನಿನಗ ಹೇಳಬ್ಯಾಡ ಅಂದಾಳ. ಭಾನುವಾರ ಮಧ್ಯಾಹ್ನ ದೋಣಿ ನೋಡಾಕ ಮಂದಿ ಬರ್ತಾರ. ಅವರಿಗೆ ಸೇರಿದ್ರ ಕೊಡ್ತೀನಿ ಅಂತ ಮಾತು ಕೊಟ್ಟೇನಿ.”

“ಯಾಕ್ರಿ? ಗಾದಿ ಆರಾಮೈತಿ ಅಂತಾಳಲ್ಲ?”

“ನೀನ ಬಂದು ನೋಡು” ಎಂದು ಇಟ್ಟುಬಿಟ್ಟರು.

ಶನಿವಾರ ಮೊದಲ ಬಸ್ಸಿಗೆ ಹೊರಟು, ಅಕ್ಕನ ಮನೆಗೂ ಹೋಗದೆ ನೆಟ್ಟಗೆ ದೋಣಿಗೆ ಹೋದೆ. ಮಾಮಾ ಅಲ್ಲೇ ಹಗ್ಗ ಸುತ್ತುತ್ತಿದ್ದರು. ಕ್ಯಾಬಿನ್ನಿಗೆ ಇಳಿದು ಗಾದಿಯ ಮೇಲೆ ಅಂಗೈ ಇಟ್ಟೆ. ಹಸಿ! ನೀರು ಚೆಲ್ಲಿದ ಹಸಿಯಲ್ಲ. ಒಳಗಿನಿಂದಲೇ ತಣ್ಣಗೆ ಒಸರುವ ಹಸಿ. ಒತ್ತಿದರೆ ಮೇಲೇಳುತ್ತಿರಲಿಲ್ಲ. ನನ್ನ ಬಿಳಿ ಹತ್ತಿ ಒಳಗೆ ಗಡ್ಡೆಗಡ್ಡೆಯಾಗಿ, ಕೂತರೆ ಕಲ್ಲಿನ ಮೇಲೆ ಕೂತಂತಿತ್ತು.

“ಬಿಸಲಿಗೆ ಹಾಕಲಿಲ್ಲೇನ್ರಿ?” ಎಂದು ಚೀರಿದೆ. ನಮ್ಮ ಕಡೆ ಗಾದಿ ಹಸಿಯಾದರೆ ಅದೊಂದು ಸಂಗತಿಯೇ ಅಲ್ಲ. ಮಾಳಿಗೆಯ ಮೇಲೆ ಒಂದು ಮಧ್ಯಾಹ್ನ ಹಾಕಿದರೆ ಸಂಜೆಗೆ ಪೂರಿಯಂತೆ ಉಬ್ಬಿ ಬರುತ್ತದೆ. ಬಿಸಿಲಿಗೆ ಒಣಗದ ವಸ್ತು ಲೋಕದಲ್ಲಿದೆ ಎಂದು ಯರಿ ನೆಲದವರು ನಂಬುವುದಿಲ್ಲ.

“ಹತ್ತು ಸಲ ಹಾಕೇನಿ. ಉಪ್ಪು ಒಳಗ ಹೊಕ್ಕೈತೋ. ಉಪ್ಪು ನೀರು ಎಳೀತೈತಿ. ಮುಂಜಾನಿ ಒಣಗಿಸಿದ್ರ ಸಂಜೀಕ ಮತ್ತ ಹಸಿ. ಅದರ ಮ್ಯಾಲೆ ಕುಂತು ನಾಕು ಸಲ ಹ್ವಾದ್ವಿ, ನಾಕೂ ಸಲ ಅರ್ಧ ದಾರಿಗೆ ತಿರುಗಿದ್ವಿ. ಫೋಮ್ ಹಾಕೂಣು ಅಂದ್ರ, ತಮ್ಮ ನಮ್ಮ ಹೊಲದ ಹತ್ತಿ ತಂದಾನ, ತಗದ್ರ ನೊಂದ್ಕೋತಾನ ಅಂತಾಳ.”

“ನನಗ ಯಾಕ ಹೇಳಲಿಲ್ರಿ ನೀವು?”

ಮಾಮಾ ಎಂದೂ ದನಿ ಎತ್ತದವರು, ಅವತ್ತು ಎತ್ತಿದರು. “ಯಾವಾಗ ಹೇಳ್ಲಿ? ನೀ ಎಲ್ಲಿ ನಿಲ್ತಿ? ಬಂದಾಗೊಮ್ಮೆ ಬಸ್ಸಿನ ಹೊತ್ತಾತು ಅಂತ ಓಡ್ತಿ. ಇದರಾಗ ಒಂದ ತಾಸು ಕುಂತಿದ್ರ ಯಾರೂ ಹೇಳೂದು ಬೇಕಿದ್ದಿಲ್ಲ, ನಿನ್ನ ಸೊಂಟನ ಹೇಳತಿತ್ತು.”

ಮೂವತ್ತು ವರ್ಷದಲ್ಲಿ ನನ್ನ ಸೀಟಿಗೆ ಹೆಸರಿಟ್ಟವರಿಗೆಲ್ಲ ಬಾಯಿಂದ ಉತ್ತರ ಕೊಟ್ಟಿದ್ದೆ. ಈ ಸಲ ಕೈಗಡಿಯಾರ ಬಿಚ್ಚಿ ಮಾಮಾನ ಕೈಗೆ ಕೊಟ್ಟೆ. “ಒಂದ್ ತಾಸು ಆದ ಮ್ಯಾಲೆ ಹೇಳ್ರಿ. ಅದಕ್ಕಿಂತ ಮೊದಲು ನಾ ಎದ್ರ ಕಪಾಳಕ್ಕ ಹೊಡೀರಿ” ಎಂದು ಕುಳಿತೆ.

ಮೊದಲ ಹತ್ತು ನಿಮಿಷ ಸತ್ತೇಹೋದೆ. ಕುತ್ತಿಗೆಯಲ್ಲಿ ಇರುವೆ ಹರಿದಂತಾಯಿತು, ಒಂದು ರೈಲೂ ಇಲ್ಲದ ಜಾಗದಲ್ಲಿ ರೈಲು ಕೂಗಿದಂತಾಯಿತು. ಆಮೇಲೆ ಮೆಲ್ಲಗೆ ಒಂದೊಂದೇ ತಿಳಿಯತೊಡಗಿತು. ಹಸಿಯೊಂದೇ ಅಲ್ಲ. ಬೆನ್ನಿನ ಹಿಂದೆ ಸಾಮಾನಿಡುವ ಒಂದು ಗೂಡಿನ ಅಂಚು ಇದೆ. ಅದು ಸರಿಯಾಗಿ ಅಕ್ಕನ ಆಪರೇಶನ್ ಆದ ಜಾಗಕ್ಕೆ ಬಡಿಯುತ್ತದೆ, ಅದರ ಕೆಳಗೆ ಸೊಂಟಕ್ಕೆ ಆನಿಕೆಯೇ ಇಲ್ಲ. ದೋಣಿ ವಾಲಿದಾಗ ಕೂತವರು ಮುಂದಕ್ಕೆ ಜಾರುತ್ತಾರೆ, ಜಾರದಂತೆ ಹಿಡಿಯಲು ಗಾದಿಯ ಮುಂದಿನ ಅಂಚು ಎತ್ತರವಿಲ್ಲ, ಕಾಲು ಊರಲು ಎದುರಿಗೆ ಏನೂ ಇಲ್ಲ. ಆಕೆ ಎರಡು ಕೈಯಿಂದ ಹಲಗೆ ಹಿಡಿದುಕೊಂಡೇ ನಾಲ್ಕು ಸಲ ಹೋಗಿ ಬಂದಿದ್ದಳು. ಹಲಗೆಯ ಅಂಚಿನ ಬಣ್ಣ ಎರಡು ಕಡೆ ಸವೆದಿತ್ತು. ಅದನ್ನು ನೋಡಿ ನನಗೆ ಅಳು ಬಂತು, ಅತ್ತುಬಿಟ್ಟೆ.

“ಒಂದ್ ತಾಸಿನ ಮ್ಯಾಲೆ ಹತ್ತು ನಿಮಿಷ ಆತು, ಏಳ ಇನ್ನ” ಎಂದರು ಮಾಮಾ. ಮೊದಲ ಸಲ ಕರೆದಿದ್ದು ನನಗೆ ಕೇಳಿಸಿರಲಿಲ್ಲ.

ಶೆಡ್ಡಿನಿಂದ ಆ ಬಿರುಸು ಫೋಮಿನ ಶೀಟು ತಂದೆವು. ನಾನು ಗಾದಿಯ ಟಾಕಿ ಕೊಯ್ಯತೊಡಗಿದೆ. ಹತ್ತಿಯನ್ನೆಲ್ಲ ಹೊರಗೆಳೆದು ದಂಡೆಯ ಕಟ್ಟೆಯ ಮೇಲೆ ಗುಡ್ಡೆ ಹಾಕುವ ಹೊತ್ತಿಗೆ ಅಕ್ಕ ಬುತ್ತಿ ಹಿಡಿದುಕೊಂಡು ಬಂದಳು. ನನ್ನನ್ನು ನೋಡಿ ಮುಖ ಅರಳಿತು. ಹತ್ತಿ ನೋಡಿ ಬಾಡಿತು.

“ಯಾಕ ಹರದ್ಯೋ ಅದನ್ನ?”

“ಹಸಿ ಮ್ಯಾಲೆ ಕುಂತು ಆರಾಮೈತಿ ಅಂದ್ಯಲ್ಲ, ಸುಳ್ಳಿ! ವಾರಕ್ಕೊಮ್ಮೆ ಕೇಳೇನಿ. ವಾರಕ್ಕೊಮ್ಮೆ ಸುಳ್ಳು ಹೇಳಿ!”

“ಸುಳ್ಳಲ್ಲ. ಹಸೀನೂ ಇತ್ತು, ಚಲೋನೂ ಇತ್ತು” ಎಂದಳು. “ಇಷ್ಟು ವರ್ಷಕ್ಕ ತವರಿಂದ ಒಂದು ಗಾದಿ ಬಂತು. ಅದಕ್ಕ ಹೆಸರಿಡ್ಲೇನು ನಾ?”

ಹತ್ತಿಯ ಗುಡ್ಡೆಯನ್ನು ಎರಡೂ ಕೈಯಿಂದ ಬಾಚಿ ಒಟ್ಟು ಮಾಡಿದೆ. “ಇದನ್ನ ತೊಳದು ಒಣಗಿಸಿ ಊರಿಗೆ ಒಯ್ತೀನಿ. ಹಿಂಜಿಸಿ ಮನಿ ಮಂಚಕ್ಕ ಗಾದಿ ಮಾಡಿ ಕಳಸ್ತೀನಿ. ದೋಣಿಗೆ ಇದು ಬ್ಯಾಡ” ಎಂದೆ. ಆಕೆ ಒಂದು ಹಿಡಿ ಹತ್ತಿ ಎತ್ತಿ ಹಿಂಡಿ ನೋಡಿದಳು, ಆಮೇಲೆ ಬುತ್ತಿ ಕೆಳಗಿಟ್ಟು “ದಬ್ಬಣ ಕೊಡು ಇಲ್ಲೆ” ಎಂದಳು.

ಸಂಜೆಯ ತನಕ ಮೂವರೂ ದುಡಿದೆವು. ಕೆಳಗೆ ಬಿರುಸು ಫೋಮು, ಮೇಲೆ ಮೆತ್ತನೆಯದು, ಮುಂದಿನ ಅಂಚು ಎರಡು ಬೆರಳು ಎತ್ತರ. ಗೂಡಿನ ಅಂಚಿನ ಕೆಳಗೆ ಸೊಂಟಕ್ಕೆ ಉದ್ದನೆಯ ದಿಂಬು. ಮಾಮಾ ಗಾಳಿಯಾಡಲೆಂದು ಹಲಗೆಗೆ ಸಾಲಾಗಿ ತೂತು ಕೊರೆದರು, ಕಾಲು ಊರಲು ಎದುರಿಗೆ ಒಂದು ಮರದ ಪಟ್ಟಿ ಬಡಿದರು. ಅಕ್ಕ ನಿಂತುಕೊಂಡು ಹೊಲಿದಳು, ನಾನು ಕುಳಿತು ಹೊಲಿದೆ. ಈ ಸಲ ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಪೇಪರು ಹಾಸಿ ಕತ್ತರಿಸಿದ್ದೆ. ಆಳೆತ್ತರದ ಮನುಷ್ಯ ಐವತ್ತು ದಾಟಿದ ಮೇಲೆ ಕಸಬು ಕಲಿತ ಹಾಗಾಯಿತು.

ಭಾನುವಾರ ಬೆಳಗ್ಗೆ, ಮಂದಿ ಬರುವ ಮೊದಲೇ ಹೊರಟೆವು. ನಾನು ಅಕ್ಕನ ಎದುರಿನ ಸೀಟಿನಲ್ಲಿ ಕುಳಿತೆ. ಹಾಯಿ ಗಾಳಿ ತುಂಬಿಕೊಂಡು ದೋಣಿ ಒಂದು ಮಗ್ಗುಲಿಗೆ ವಾಲಿತು. ಎದ್ದು ನಿಲ್ಲಲು ಹೋಗಿ ಚಾವಣಿಗೆ ತಲೆ ಗುದ್ದಿಕೊಂಡೆ. “ಕುಂಡ್ರು” ಎಂದಳು ಅಕ್ಕ, ಪ್ಲಾಸ್ಟರಿನ ದಿನಗಳ ಅದೇ ದನಿಯಲ್ಲಿ. ಕುಳಿತೆ. ಆಕೆಯ ಕಾಲು ಪಟ್ಟಿಗೆ ಊರಿದ್ದವು, ಕೈಗಳು ಉಡಿಯಲ್ಲಿದ್ದವು. ಹಲಗೆ ಹಿಡಿದಿರಲಿಲ್ಲ. ನಾನು ಆ ಕೈಗಳನ್ನೇ ನೋಡುತ್ತ ಕುಳಿತೆ.

ಅರ್ಧ ದಾರಿ ಬಂತು. ಮಾಮಾ ಚುಕ್ಕಾಣಿ ಹಿಡಿದು ಬಗ್ಗಿ ಒಳಗೆ ನೋಡಿದರು. ಪ್ರತಿ ಸಲ ತಿರುಗಿದ್ದ ಜಾಗ ಅದೇ. “ನನ್ನ ಮಾರಿ ಏನ್ ನೋಡ್ತೀರಿ? ನಡೀರಿ ಮುಂದ” ಎಂದಳು ಅಕ್ಕ.

ನಡುಗಡ್ಡೆ ಹತ್ತಿರವಾಯಿತು, ದೀಪದ ಕಂಬ ನಮ್ಮ ಕಿಟಕಿಯಲ್ಲಿ ಮೆಲ್ಲಗೆ ಎಡದಿಂದ ಬಲಕ್ಕೆ ಸರಿಯಿತು. ಆಮೇಲೆ ಊರು ಮರೆಯಾಯಿತು. ಆ ಕಡೆಯಲ್ಲೂ ನೀರಿತ್ತು, ಕಣ್ಣು ಹರಿಯುವಷ್ಟು ದೂರ. ಅಕ್ಕ ಕಿಟಕಿಗೆ ಹಣೆ ಹಚ್ಚಿ ಪೂರ್ತಿ ಸುತ್ತು ಮುಗಿಯುವ ತನಕ ಕಣ್ಣು ಕೀಳಲಿಲ್ಲ. ಕಂಬ ಮತ್ತೆ ಮೊದಲಿನ ಜಾಗಕ್ಕೆ ಬಂದಾಗ ನನ್ನ ಕಡೆ ತಿರುಗಿ, “ಐತೋ, ಖರೇನ ಸುತ್ತಲೂ ಐತಿ” ಎಂದು ಬಾಯಿ ತುಂಬ ನಕ್ಕಳು. “ಪುಸ್ತಕದಾಗ ಸುಳ್ಳು ಬರದಿಲ್ಲ.”

ದಂಡೆಗೆ ಬಂದಾಗ ಕೊಳ್ಳುವವರು ಕಾದು ನಿಂತಿದ್ದರು. ಮಾಮಾನ ಮುಖ ಕಪ್ಪಿಟ್ಟಿತು. ಅವರ ಮನಸ್ಸಿಗೆ ಸೇರಿದರೆ ಕೊಡುತ್ತೇನೆ ಎಂದು ಮಾತು ಕೊಟ್ಟ ಮನುಷ್ಯ. ತಲೆ ಹೋದರೂ ಇಲ್ಲ ಎನ್ನುವವರಲ್ಲ. ಬೇಡ ಎಂದರೆ ಬಂದವರೇ ಎನ್ನಬೇಕು. ಕೊಳ್ಳುವವರು ಹಾಯಿ ಮುಟ್ಟಿ ನೋಡಿದರು, ಬಣ್ಣ ಹೊಗಳಿದರು. ಅವರಲ್ಲಿ ಹಿರಿಯರೊಬ್ಬರು ಕ್ಯಾಬಿನ್ನಿನ ಬಾಗಿಲಿಗೆ ಬಗ್ಗಿ ಅಕ್ಕನನ್ನು ಕೇಳಿದರು: “ಕೂತ್ಕೊಳ್ಳಕ್ಕೆ ಆರಾಮಾಗಿದೆಯಾ ಅಮ್ಮಾ?”

ಅಕ್ಕ ಸೊಂಟಕ್ಕೆ ಕೈಯಿಟ್ಟು ಮುಖ ಕಿವುಚಿದಳು. “ಅಯ್ಯ, ಏನ್ ಕೇಳ್ತೀರ್ರಿ! ಕಲ್ಲಿನ ಮ್ಯಾಲೆ ಕುಂತಂಗ ಆಕ್ಕೈತಿ. ನನ್ನ ಸೊಂಟ ಹೋತ್ರಿ ಇದರಾಗ.”

ಹಸಿ ಗಾದಿಯನ್ನು ಆರಾಮ ಎಂದವಳು ಆರಾಮದ ಗಾದಿಯನ್ನು ಕಲ್ಲು ಎಂದಳು, ಅಷ್ಟೇ ಸರಾಗವಾಗಿ. ಹಿರಿಯರು ಅನುಮಾನದಿಂದ ನನ್ನ ಕಡೆ ನೋಡಿದರು. ಎರಡೂವರೆ ತಾಸು ಕಳೆದರೂ ನಾನು ಎದ್ದಿರಲಿಲ್ಲ, ದಿಂಬಿಗೆ ಒರಗಿ, ಪಟ್ಟಿಗೆ ಕಾಲು ಚಾಚಿ ಕುಳಿತೇ ಇದ್ದೆ. “ನಿಮಗೆ ಹೇಗನ್ನಿಸ್ತು?” ಎಂದು ಕೇಳಿದರು.

“ಭಾಳ ತ್ರಾಸ್ರಿ,” ಎಂದೆ. “ಯಾವನೋ ಬರಗೆಟ್ಟಾಂವ ಹೊಲದಾನ.”